ರುಮಾಲಿನ ಕೆಳಗಿನ ದರ

ಜೋಳದ ದರದ ಮಾತು ಬಂದರೆ ನಮ್ಮ ಮುತ್ಯಾ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಸುತ್ತಿದ್ದ. ಅದರ ಕೆಳಗೆ ನನ್ನ ಬೆರಳು ಒತ್ತಿ, "ಈಗ ಎಷ್ಟಂದೆ, ಹೇಳು?" ಎಂದು ಕೇಳುತ್ತಿದ್ದ. ನನಗೆ ಹೇಳಲಾಗುತ್ತಿರಲಿಲ್ಲ. ಹರೆಯದಲ್ಲಿ ಅವನಿಗೂ ತಿಳಿಯುತ್ತಿರಲಿಲ್ಲವಂತೆ. ಹಗೇವಿನ ಜೋಳ ತೆಗೆದು, ಕಂದಲಗಾಂವದಿಂದ ರಾತ್ರಿ ಚಕ್ಕಡಿ ಹೂಡಿ, ಬೆಳಗಿಗೆ ಸೋಲಾಪುರದ ಅಡತಿ ಅಂಗಡಿ ಮುಂದೆ ನಿಂತರೆ, ಒಬ್ಬೊಬ್ಬರೇ ಖರೀದಿದಾರರು ಬಂದು ರುಮಾಲಿನ ಕೆಳಗೆ ದಲಾಲನ ಬೆರಳು ಹಿಡಿದು ಹೋಗುವರು. "ಅವರ ಬೆರಳ ಮಾತಾಡ್ತಿದ್ವು, ನಾವು ಬಾಯಿ ಮುಚ್ಕೊಂಡ ನಿಂದರ್ತಿದ್ವಿ" ಅನ್ನುತ್ತಿದ್ದ.

ಯಾರು ಎಷ್ಟಕ್ಕೆ ಕೇಳಿದರು ಎಂಬುದು ಇನ್ನೊಬ್ಬ ಖರೀದಿದಾರನಿಗೂ ತಿಳಿಯದು, ಮಾಲು ತಂದವನಿಗೂ ತಿಳಿಯದು. ಪೈಪೋಟಿ ಇತ್ತು; ಅದು ಕಂಡದ್ದು ದಲಾಲ ಒಬ್ಬನಿಗೆ. ಇದನ್ನು ವ್ಯಾಪಾರದ ಜಾಣತನ ಎನ್ನಲು ನನಗೆ ಇಂದಿಗೂ ಮನಸ್ಸು ಒಪ್ಪುವುದಿಲ್ಲ. ಲಾಭ ಮಾಡಲಿ, ಅಂಗಡಿ ಇಟ್ಟವನೂ ಹೊಟ್ಟೆ ಹೊರೆಯಬೇಕು. ಆದರೆ ಆ ಲಾಭ ಹುಟ್ಟುವ ಜಾಗವನ್ನು ಬಟ್ಟೆಯಿಂದ ಮುಚ್ಚಬಾರದು.

ದರ ಮುಗಿದ ಮೇಲೆ ಪಟ್ಟಿ ಬರುತ್ತಿತ್ತು. ದಲಾಲನ ಪಾಲಿನ ಅಡತಿ, ಹಮಾಲಿ, ತೂಗಿದವನ ಕೂಲಿ, ಚೀಲಕ್ಕಿಷ್ಟು ಎಂದು ಬಿಡುವ ಸೂಟು, ನಮೂನೆ ಎಂದು ಬೊಗಸೆ ಬೊಗಸೆ ಕಾಳು, ಕಡೆಗೆ ಗುಡಿ, ಗೋಶಾಲೆಗೆಂದು ಧರ್ಮಾದಾಯ. ಈ ಕೊನೆಯದರ ಮಾತಿಗೆ ಮುತ್ಯಾ ಸಿಟ್ಟಾಗುತ್ತಿದ್ದ. ಸಂಕ್ರಾಂತಿಗೆ ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆಗೆ ಹೊರಟಾಗ ದಾಸೋಹಕ್ಕೆ ತಾನೇ ಜೋಳ ಅಳೆದು ಕೊಡುತ್ತಿದ್ದ ಮನುಷ್ಯ ಅವನು. ಕೇಳದೆ ಮುರಿದುಕೊಂಡದ್ದು ಅವನ ಲೆಕ್ಕದಲ್ಲಿ ಧರ್ಮ ಆಗಿರಲಿಲ್ಲ.

ಈ ಮುಚ್ಚುಮರೆಗೆ ಸರ್ಕಾರ ಕೈಹಾಕಿದ್ದು ಮೊದಲು ಸಾಲದ ಕಡೆಯಿಂದ.  1875ರಲ್ಲಿ ಪುಣೆ, ಅಹ್ಮದನಗರ ಭಾಗದ ರೈತರು ಸಾವುಕಾರರ ಮನೆ ನುಗ್ಗಿ ಸಾಲದ ಪತ್ರ ಸುಟ್ಟರು. ಅದರ ಬೆನ್ನಿಗೇ 1879ರ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಪುಣೆ, ಸಾತಾರಾ, ಅಹ್ಮದನಗರ, ಸೋಲಾಪುರ, ಈ ನಾಲ್ಕು ಜಿಲ್ಲೆಗಳಿಗೆ. ಹೆಬ್ಬೆಟ್ಟು ಒತ್ತಿದ ಪತ್ರವನ್ನಷ್ಟೇ ನೋಡದೆ ನ್ಯಾಯಾಲಯ ವ್ಯವಹಾರವನ್ನು ಬುಡದಿಂದ ಕೆದಕಿ ನೋಡಬಹುದಾಯಿತು. ಸಾವುಕಾರ ರಸೀದಿ ಕೊಡಬೇಕಾಯಿತು, ಲೆಕ್ಕ ತೋರಿಸಬೇಕಾಯಿತು.

ಮಾರುಕಟ್ಟೆಯ ಸರದಿ ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಲಿನ್ಲಿತ್‌ಗೋ ಅಧ್ಯಕ್ಷತೆಯ ಕೃಷಿ ಆಯೋಗ 1928ರ ವರದಿಯಲ್ಲಿ ಬಟ್ಟೆಯ ಕೆಳಗಿನ ಈ ಚೌಕಾಸಿಯನ್ನೂ, ಸುಳ್ಳು ತೂಕವನ್ನೂ, ಕಡಿತಗಳನ್ನೂ ಬರೆದು, ನಿಯಂತ್ರಿತ ಮಾರುಕಟ್ಟೆ ಬೇಕೆಂದಿತು. ಮುಂಬಯಿ ಪ್ರಾಂತ್ಯದಲ್ಲಿ 1927ರ ಕಾಯ್ದೆ ಹತ್ತಿಗಷ್ಟೇ ಇತ್ತು. 1939ರದ್ದು ಉಳಿದ ಬೆಳೆಗಳಿಗೂ ಬಂತು. ಮಹಾರಾಷ್ಟ್ರ 1963ರಲ್ಲಿ ತನ್ನದೇ ಕಾಯ್ದೆ ಮಾಡಿತು. ರುಮಾಲಿನ ಬದಲು ಬಂದ, ಕೂಗಿ ಹೇಳುವ ಲಿಲಾವನ್ನು ಮೊದಲ ಸಲ ಕೇಳಿದ ದಿನ ಮುತ್ಯಾ ಮನೆಗೆ ಬಂದು ಪ್ರತಿ ಕೂಗನ್ನೂ ಆಯಿಗೆ ಹೇಳಿದನಂತೆ, ಯಾರು ಎಷ್ಟಂದರು ಎಂದು ಸಾಲಾಗಿ.

ಇಷ್ಟಾದರೂ 2023ರ ಫೆಬ್ರುವರಿಯಲ್ಲಿ ಬಾರ್ಶಿ ತಾಲೂಕಿನ ರೈತರೊಬ್ಬರು ಸೋಲಾಪುರ ಮಾರುಕಟ್ಟೆಗೆ 512 ಕಿಲೋ ಉಳ್ಳಾಗಡ್ಡಿ ತಂದಾಗ ಸಿಕ್ಕ ದರ ಕಿಲೋಗೆ 1 ರೂಪಾಯಿ. ಗಾಡಿ ಬಾಡಿಗೆ, ಹಮಾಲಿ, ತೂಕ ಎಂದು ಕಡಿದು ಉಳಿದದ್ದು 2 ರೂಪಾಯಿ 49 ಪೈಸೆ. ಕೈಗೆ ಬಂದದ್ದು 2 ರೂಪಾಯಿಯ ಚೆಕ್, ಅದೂ ಮುಂದಿನ ತಾರೀಖಿನದು. ಆ ಪಟ್ಟಿಯಲ್ಲಿ ಯಾವುದನ್ನೂ ಮುಚ್ಚಿರಲಿಲ್ಲ. ಅದಕ್ಕೇ ನನ್ನನ್ನು ಅದು ಹೆಚ್ಚು ನೋಯಿಸಿತು.

ಹಮಾಲನ ಮೇಲೆ ನನಗೆ ದೂರಿಲ್ಲ. ದರ ಬಿದ್ದಿತೆಂದು ಚೀಲದ ಭಾರ ಇಳಿಯುವುದಿಲ್ಲ, ಅವನ ಕೂಲಿಯೂ ಇಳಿಯಬಾರದು. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ತರಕಾರಿ, ಉಳ್ಳಾಗಡ್ಡಿಯ ಅಡತಿಯನ್ನು ರೈತನ ಪಟ್ಟಿಯಿಂದ ತೆಗೆದು ಖರೀದಿದಾರನ ಮೇಲೆ ಹಾಕಿತು. ಹಮಾಲಿ, ತೂಕಗಳನ್ನೂ ಅದೇ ದಾರಿಯಲ್ಲಿ ಕಳಿಸಬೇಕು ಎಂದು ನಮ್ಮೂರ ಕಟ್ಟೆಯ ಮೇಲೆ ನಾನು ವಾದಿಸುತ್ತಲೇ ಇದ್ದೇನೆ.