ಭೀಮಾತೀರದ ಶಾಸನಗಳು: ಆಸಕ್ತರ ಹಕ್ಕು, ತಜ್ಞರ ಹೊಣೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಭೂಭಾಗವು ರಾಷ್ಟ್ರಕೂಟರ ಹಾಗೂ ಕಲ್ಯಾಣ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟು, ಶಾಸನಸಂಪತ್ತಿನಿಂದ ಕೂಡಿದುದಾಗಿದೆ. ಆಳಂದದ ಹೆಸರು ಶಾಸನಗಳಲ್ಲಿ ಅಲಂದೆ ಸಾಸಿರವೆಂಬ ನಾಡಿನ ಹೆಸರಾಗಿ ಉಳಿದಿದೆ. ಈ ಸಂಪತ್ತನ್ನು ಕುರಿತು ತೀರ್ಮಾನ ಕೈಗೊಳ್ಳುವಾಗ ಊರವರ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಯು ಹವ್ಯಾಸಿಗಳಿಗೂ ತಜ್ಞರಿಗೂ ನಡುವೆ ಮತ್ತೆ ಮತ್ತೆ ಮನಸ್ತಾಪಕ್ಕೆ ಎಡೆಗೊಟ್ಟಿದೆ.

ಇತಿಹಾಸವನ್ನು ನೋಡಿದರೆ ಎರಡು ಪಕ್ಷಗಳಿಗೂ ಪರಸ್ಪರ ಋಣವಿದೆ. ಹೈದರಾಬಾದ್ ಸಂಸ್ಥಾನದಲ್ಲಿ 1914ರಲ್ಲಿ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಪುರಾತತ್ತ್ವ ಇಲಾಖೆ ಆರಂಭವಾಯಿತು. ಆಡಳಿತದ ಭಾಷೆ ಉರ್ದು. ಶಿಲೆಗಳ ಭಾಷೆ ಕನ್ನಡ. ಪಿ. ಬಿ. ದೇಸಾಯಿಯವರು ಈ ಪ್ರದೇಶದ ಜೈನ ಶಾಸನಗಳನ್ನು ಸಂಗ್ರಹಿಸಿ ಸಿದ್ಧಪಡಿಸಿದ ಗ್ರಂಥವನ್ನು ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು 1957ರಲ್ಲಿ ಪ್ರಕಟಿಸಿತು. ಶಾಸ್ತ್ರೀಯ ಶಿಸ್ತು ಇಲ್ಲದಿದ್ದರೆ ಆ ಪಾಠಗಳು ನಮಗೆ ದಕ್ಕುತ್ತಿರಲಿಲ್ಲ.

ಇನ್ನೊಂದು ನಿದರ್ಶನ ಇದೇ ಭೀಮೆಯ ಕೆಳದಂಡೆಯ ಸನ್ನತಿ. ಅಲ್ಲಿಯ ಅವಶೇಷಗಳನ್ನು 1954ರಲ್ಲಿ ಮೊದಲು ಗುರುತಿಸಿದವರು ಕಪಟರಾಳ ಕೃಷ್ಣರಾಯರು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ದೇಗುಲದ ಮಾಡು ಕುಸಿದಾಗ, ವಿಗ್ರಹದ ಪೀಠವಾಗಿದ್ದ ಶಿಲೆಯಲ್ಲಿ ಅಶೋಕನ ಧರ್ಮಶಾಸನಗಳು ಬೆಳಕಿಗೆ ಬಂದವು. ಪೀಠಕ್ಕಾಗಿ ಕೊರೆದ ರಂಧ್ರದಿಂದ ಹಲವು ಅಕ್ಷರಗಳು ಅಳಿದಿದ್ದವು. ಭಕ್ತಿಯಿಂದ ಶಿಲೆ ಉಳಿಯಿತು. ಅದೇ ಭಕ್ತಿಯಿಂದ ಪಾಠ ಕೆಟ್ಟಿತು. ಹವ್ಯಾಸಿಯ ಗುಣದೋಷಗಳೆರಡಕ್ಕೂ ಇದು ಸಾಕ್ಷಿ.

1958ರ ಕೇಂದ್ರ ಶಾಸನದಂತೆ, ಒಂದು ಸ್ಮಾರಕವನ್ನು ರಾಷ್ಟ್ರೀಯ ಮಹತ್ತ್ವದ್ದೆಂದು ಘೋಷಿಸುವ ಮೊದಲು ಎರಡು ತಿಂಗಳ ತಿಳಿವಳಿಕೆ ನೀಡಿ, ಅದರ ಪ್ರತಿಯನ್ನು ಸ್ಮಾರಕದ ಬಳಿ ಎದ್ದುಕಾಣುವಂತೆ ಹಚ್ಚಿ, ಆಕ್ಷೇಪಗಳನ್ನು ಪರಿಶೀಲಿಸಬೇಕು. 2010ರ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷಿದ್ಧ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶವೆಂದು ವಿಧಿಸಿತು. ಹೊಲದ ಬದುವಿನಲ್ಲಿಯೂ ಗುಡಿಯ ಗೋಡೆಯಲ್ಲಿಯೂ ಇರುವ ಬಹುಪಾಲು ಶಾಸನಗಳಿಗೆ ಈ ರಕ್ಷಣೆ ಇಲ್ಲ. ಆದುದರಿಂದ ಅವುಗಳ ವಿಷಯದಲ್ಲಿ ಯಾರನ್ನೂ ಕೇಳಬೇಕೆಂಬ ಕಟ್ಟಳೆಯೂ ಇಲ್ಲ. ತಜ್ಞರು ಅಚ್ಚು ತೆಗೆದುಕೊಂಡು ಹೋದ ಮೇಲೆ ಅದರ ಅರ್ಥ ಊರಿಗೆ ಮರಳಲಿಲ್ಲವೆಂಬುದು ಆಸಕ್ತರ ದೂರು. ಎಣ್ಣೆ, ಸುಣ್ಣ, ಬಣ್ಣಗಳಿಂದ ಅಕ್ಷರ ಮುಚ್ಚಿಹೋಯಿತೆಂಬುದು ತಜ್ಞರ ದೂರು. ಎರಡೂ ನಿರಾಧಾರವಲ್ಲ.

ಗ್ರಂಥಸಂಪಾದನೆಯ ಪರಂಪರೆ ಇಲ್ಲಿ ದಾರಿ ತೋರಬಲ್ಲುದು. ಓಲೆಯ ಲಿಪಿಕಾರನು ತನ್ನ ಬರಹದ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುವುದು ವಾಡಿಕೆ. ಸಂಪಾದಕನಾದರೋ ಯಾವ ಪ್ರತಿ ಯಾವ ಭಂಡಾರದ್ದು, ಪಾಠಾಂತರಗಳೇನು ಎಂಬುದನ್ನು ತಿಳಿಸದೆ ಮುಂದುವರಿಯುವಂತಿಲ್ಲ. ಅದೇ ವಿವೇಕದಿಂದ ಮೂರು ವಿಷಯಗಳನ್ನು ಬೇರ್ಪಡಿಸಬೇಕು. ಶಿಲೆ ಮೊದಲು ಎಲ್ಲಿತ್ತು, ಯಾವಾಗ ಕದಲಿತು ಎಂಬುದರಲ್ಲಿ ಊರವರ ಹೇಳಿಕೆಯೇ ಮೊದಲ ಆಧಾರ. ಪಾಠನಿರ್ಣಯವು ಬಹುಮತದಿಂದ ಆಗತಕ್ಕುದಲ್ಲ. ಅದು ಲಿಪಿಜ್ಞನ ಹೊಣೆ. ಶಿಲೆ ಎಲ್ಲಿ ಉಳಿಯಬೇಕೆಂಬುದನ್ನು ಮಾತ್ರ ಇಬ್ಬರೂ ಕೂಡಿ, ಬರಹದ ದಾಖಲೆಯೊಡನೆ ನಿಶ್ಚಯಿಸಬೇಕು.

ಮೂಲಸ್ಥಾನದಿಂದ ಕದಲಿದ ನಿಸಿಧಿಯ ಕಲ್ಲು ವ್ರತಿಯ ಹೆಸರನ್ನು ಹೇಳೀತು. ಆತನು ಸಮಾಧಿಯನ್ನು ಹೊಂದಿದ ನೆಲವನ್ನು ಹೇಳಲಾರದು. ಊರವರನ್ನು ಕೇಳದೆ ಎತ್ತಿದ ಕಲ್ಲಿಗೆ ಒದಗುವ ನಷ್ಟ ಇದು.