ಇಂಗ್ಲಿಷಿನ ಅನಿಯತ ಭೂತಕಾಲ ಕ್ರಿಯಾಪದಗಳು

‘ಎಡ್’ ಪ್ರತ್ಯಯದ ಸಾಮಾನ್ಯ ನಿಯಮಕ್ಕೆ ಒಳಪಡದೆ ಬೇರೆ ಬಗೆಯಲ್ಲಿ ಭೂತಕಾಲ ಸೂಚಿಸುವ ಇಂಗ್ಲಿಷ್ ಕ್ರಿಯಾಪದಗಳು. ‘ಪ್ಲೇ’ ಎಂಬುದು ‘ಪ್ಲೇಡ್’ ಆದರೆ ‘ಸಿಂಗ್’ ‘ಸ್ಯಾಂಗ್’ ಆಗುತ್ತದೆ. ‘ಕಟ್’ ಬದಲಾಗುವುದೇ ಇಲ್ಲ.

ಸಿಂಗ್, ಡ್ರಿಂಕ್, ರೈಡ್ ಮೊದಲಾದವುಗಳಲ್ಲಿ ಕಾಣುವ ಸ್ವರಪಲ್ಲಟ ಇಂಡೋ-ಯುರೋಪಿಯನ್ ಮೂಲಭಾಷೆಯಿಂದ ಬಂದ ಬಳುವಳಿ. ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ ಇವನ್ನು ‘ಪ್ರಬಲ’ ಎಂದೂ ಪ್ರತ್ಯಯ ಪಡೆಯುವವನ್ನು ‘ದುರ್ಬಲ’ ಎಂದೂ ಕರೆದರು. ‘ಕೀಪ್–ಕೆಪ್ಟ್’ ಮೇಲ್ನೋಟಕ್ಕೆ ಪ್ರಬಲವೆನಿಸಿದರೂ ದುರ್ಬಲ ವರ್ಗದ್ದೇ. ಮುಂದೆ ಎರಡು ವ್ಯಂಜನಗಳು ಕೂಡಿದ್ದರಿಂದ ದೀರ್ಘ ಸ್ವರ ಹ್ರಸ್ವವಾಯಿತು. ಎಲ್ಲಕ್ಕಿಂತ ಸ್ವಾರಸ್ಯದ್ದು ‘ಗೋ’. ಅದರ ಹಳೆಯ ಭೂತರೂಪ ಅಳಿದು, ‘ವೆಂಡ್’ ಎಂಬ ಬೇರೆಯೇ ಕ್ರಿಯಾಪದದ ‘ವೆಂಟ್’ ಆ ಜಾಗಕ್ಕೆ ಬಂದು ನೆಲೆಸಿತು.

2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಹಳೆಯ ಇಂಗ್ಲಿಷಿನ 177 ಅನಿಯತ ಕ್ರಿಯಾಪದಗಳ ಜಾಡು ಹಿಡಿಯಿತು. ಇಂದಿಗೂ ಅನಿಯತವಾಗಿ ಉಳಿದಿರುವುದು 98. ಬಳಕೆ ಕಡಿಮೆಯಾದಷ್ಟೂ ಕ್ರಿಯಾಪದ ಬೇಗ ನಿಯಮಕ್ಕೆ ಶರಣಾಗುತ್ತದೆ. ದಿನಬೆಳಗಾದರೆ ನಾಲಿಗೆಯ ಮೇಲಿರುವ ‘ಬಿ’, ‘ಹ್ಯಾವ್’, ‘ಗೋ’ಗಳು ಮಾತ್ರ ಕದಲುವುದಿಲ್ಲ. ಹಾಗೆ ನಿಯಮಕ್ಕೆ ಶರಣಾದ ‘ಹೆಲ್ಪ್’ನ ಭೂತರೂಪ ಒಂದು ಕಾಲಕ್ಕೆ ‘ಹೋಲ್ಪ್’ ಆಗಿತ್ತು.

ಇಂಗ್ಲಿಷ್ ಮನೆಮಾತಿನ ಮಕ್ಕಳೂ ‘ವೆಂಟ್’ ಬದಲು ‘ಗೋಡ್’ ಎನ್ನುವುದುಂಟು. ಅದನ್ನು ಬರಿಯ ತಪ್ಪೆನ್ನುವುದು ಸರಿಯಲ್ಲ. ಮಗು ನಿಯಮವನ್ನು ತಾನಾಗಿ ಕಂಡುಕೊಂಡಿದೆ ಎಂಬುದಕ್ಕೆ ಅದೇ ಸಾಕ್ಷಿ. ಕನ್ನಡದಲ್ಲೂ ‘ಮಾಡು–ಮಾಡಿದ’ ಮಾದರಿಗೆ ಹೊಂದದ ‘ಬರು–ಬಂದ’, ‘ಬೀಳು–ಬಿದ್ದ’, ‘ಕೊಡು–ಕೊಟ್ಟ’ ರೂಪಗಳಿವೆ.