ಸುಳ್ಳೋ, ಹುಸಿಯೋ, ತಪ್ಪೋ?



ಒಮ್ಮೆ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ, 1956ರ ನವೆಂಬರ್ 1ರಂದು ನಮ್ಮ ನಾಡಿಗೆ ಕರ್ನಾಟಕವೆಂಬ ಹೆಸರು ಬಂತು ಎಂದುಬಿಟ್ಟೆ. ಅಂದು ಆದದ್ದು ಏಕೀಕರಣ. ಹೆಸರು ಮೈಸೂರು ರಾಜ್ಯವೆಂದೇ ಉಳಿದಿತ್ತು. ಬದಲಾದದ್ದು 1973ರ ನವೆಂಬರ್ 1ಕ್ಕೆ. ಕಾರ್ಯಕ್ರಮ ಮುಗಿಯುವ ಮೊದಲೇ ಹಿರಿಯರೊಬ್ಬರ ಫೋನು: "ಏನಮ್ಮಾ, ರೇಡಿಯೋದಲ್ಲಿ ಕೂತು ಸುಳ್ಳು ಹೇಳ್ತೀಯಲ್ಲ!" ತಪ್ಪು ನನ್ನದೇ ಸರಿ. ಆದರೂ ಆ 'ಸುಳ್ಳು' ಚುಚ್ಚಿತು. ಗೊತ್ತಿದ್ದೂ ಹೇಳಿದರಲ್ಲವೇ ಸುಳ್ಳು?

ಆ ನೆಪದಲ್ಲಿ ಹಳೆಯ ಪದವೊಂದರ ಬೆನ್ನು ಹತ್ತಿದೆ. ಅದು 'ಹುಸಿ'. ಪಂಪನ ಕಾಲದ, ಅಂದರೆ 10ನೇ ಶತಮಾನದ ಕಾವ್ಯಭಾಷೆಯಲ್ಲಿ ಇದು 'ಪುಸಿ'. ಪಾಲು ಹಾಲಾದಂತೆ, ಪೂವು ಹೂವಾದಂತೆ ಪುಸಿಯೂ ಹುಸಿಯಾಯಿತು. 12ನೇ ಶತಮಾನದ ಬಸವಣ್ಣನವರು ಬೇಡವೆಂದ ಏಳು ಸಂಗತಿಗಳಲ್ಲಿ ಮೂರನೆಯದು ಈ ಹುಸಿಯೇ. ಆಗ ಇದು ಪೂರಾ ಕ್ರಿಯಾಪದ, ಮನುಷ್ಯ ಹುಸಿಯಬಹುದಿತ್ತು. ಈಗ 'ಅವನು ಹುಸಿದ' ಎಂದು ಯಾರೂ ಹೇಳುವುದಿಲ್ಲ. ಮನುಷ್ಯನ ಪಾಲಿಗೆ 'ಸುಳ್ಳು ಹೇಳು' ಬಂದು ಕೂತಿತು. ಹುಸಿಗೆ ಉಳಿದದ್ದು ನಿರೀಕ್ಷೆ, ಭವಿಷ್ಯ, ಭರವಸೆ. ಇವು ಹುಸಿಯಾಗುತ್ತವೆ, ಹುಸಿಹೋಗುತ್ತವೆ. ಜೊತೆಗೆ ಹುಸಿಮುನಿಸು, ಹುಸಿನಗೆ. ಇವುಗಳಿಂದ ಯಾರಿಗೂ ನಷ್ಟವಿಲ್ಲ ಬಿಡಿ! ಚೆನ್ನೈನವರಿಗೆ ಇದು ಬೇಗ ಹೊಳೆದೀತು: ತಮಿಳಿನಲ್ಲಿ 'ಪೊಯ್' ಎಂದರೆ ಸುಳ್ಳು. ಮಳೆ ಕೈಕೊಟ್ಟಾಗಲೂ ಅಲ್ಲಿನ ಪತ್ರಿಕೆಗಳು ಬಳಸುವುದು ಅದರದೇ ಕ್ರಿಯಾಪದವನ್ನು.

ಹಾಗಾದರೆ ನನ್ನಂಥವರ ಎಡವಟ್ಟಿಗೆ ಏನನ್ನಬೇಕು? ಅದಕ್ಕೆ 'ತಪ್ಪು' ಇದೆ. ಇದೂ ಕ್ರಿಯಾಪದವೇ: ದಾರಿ ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ, ತಾಳ ತಪ್ಪುತ್ತದೆ, ಬಾಯಿತಪ್ಪಿ ಮಾತು ಬರುತ್ತದೆ. ಇಲ್ಲೆಲ್ಲ ಗುರಿ ಜಾರಿದ್ದು ಮಾತ್ರ, ಮೋಸವಿಲ್ಲ. ಆದರೆ 'ಮಾತಿಗೆ ತಪ್ಪಿದ' ಎಂದು ನೋಡಿ, ಅದೇ ಪದ ಎಷ್ಟು ಭಾರವಾಗುತ್ತದೆ! ರಾಘವಾಂಕನ ಹರಿಶ್ಚಂದ್ರ ರಾಜ್ಯ ಬಿಟ್ಟು ಸುಡುಗಾಡು ಕಾದದ್ದು ಹಾಗೆ ತಪ್ಪಬಾರದೆಂದೇ.

ನಮ್ಮ ಮನೆಗಳಲ್ಲಿ ಈ ವ್ಯತ್ಯಾಸ ಮಸುಕಾಗುತ್ತಿದೆಯೇನೋ ಅನ್ನಿಸುತ್ತದೆ. ಮಗು ತಾರೀಕು ತಪ್ಪಿ ಹೇಳಿದರೂ "ಸುಳ್ಳು ಹೇಳಬೇಡ" ಎಂದು ಗದರುತ್ತೇವೆ.

ಮರುವಾರ ಮೈಕಿನ ಮುಂದೆ, "ಹೋದ ವಾರ ನಾನು ತಪ್ಪು ಹೇಳಿದ್ದೆ, ಹೆಸರು ಬದಲಾದದ್ದು 1973ರಲ್ಲಿ" ಎಂದೆ. ಅದೇ ಹಿರಿಯರ ಫೋನು ಮತ್ತೆ ಬಂತು: "ಈಗ ಸರಿಯಾಯ್ತು ನೋಡಮ್ಮಾ. ಅಂದಹಾಗೆ, ಒಂದು ಹಳೇ ಹಾಡು ಹಾಕ್ತೀಯಾ?"